ಹುಲಿಗೆಮ್ಮನ ಬಲಗಡೆಯ ನೆರಳು

ಕೆಮ್ಮಿನಿಂದ ಶುರು ಮಾಡಲೋ, ಪುಸ್ತಕದಿಂದಲೋ? ಕಥೆಯ ಮೊದಲ ಸಾಲಿನಲ್ಲಿ ಕೆಮ್ಮಿದವರು ಕೊನೆಯ ಪುಟದೊಳಗೆ ಸಾಯಲೇಬೇಕು ಎಂದು ಓದುಗರಾದ ನೀವು ರೂಢಿ ಮಾಡಿಕೊಂಡಿದ್ದೀರಿ. ನಿಮ್ಮ ರೂಢಿ ಕೆಡಿಸುವುದಕ್ಕಾದರೂ ಪುಸ್ತಕದಿಂದ ಶುರು ಮಾಡುತ್ತೇನೆ.

೧

೧೯೫೮ರ ಬೇಸಿಗೆ, ಶಿಕಾರಿಪುರ. ಮೈಸೂರಿನಲ್ಲಿ ಡಾಕ್ಟರಿಕೆ ಓದುತ್ತಿರುವ ಉಚ್ಚಂಗಪ್ಪ ಫೈನಲ್ ಪರೀಕ್ಷೆಗೆ ಮುಂಚೆ ಊರಿಗೆ ಬಂದು ಎದೆಯ ರೋಗಗಳ ಅಧ್ಯಾಯವನ್ನು ಮತ್ತೆ ತಿರುವಿಹಾಕುತ್ತಿದ್ದಾನೆ. ನ್ಯುಮೋನಿಯಾ ಓದಿದ ದಿನ ಓಣಿಗೆಲ್ಲ ನ್ಯುಮೋನಿಯಾ. ಕ್ಯಾನ್ಸರ್ ಓದಿದ ದಿನ ಬೀಡಿ ಸೇದುತ್ತ ಕೂತಿದ್ದ ಸೋದರಮಾವ ಉಜ್ಜಪ್ಪನನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡ.

"ಯಾಕಲೇ, ಹೊಗಿ ಕಣ್ಣಿಗೆ ಬಡೀತೇನು?" ಎಂದ ಉಜ್ಜಪ್ಪ, ಬೀಡಿ ಆರಿಸದೆ.

೧ (ಮತ್ತೆ)

ಮೇಲಿನದು ನಗೆಬರಹದ ಕಡೆಗೆ ಜಾರುತ್ತಿದೆ, ಬಿಟ್ಟುಬಿಡುತ್ತೇನೆ. ಏಕೆಂದರೆ ಒಳಗೆ ಉಚ್ಚಂಗಪ್ಪನ ಅಕ್ಕ ಹುಲಿಗೆಮ್ಮ ಕೆಮ್ಮುತ್ತಿದ್ದಾಳೆ. (ತಡೆಯಲು ನೋಡಿದೆ, ಆಗಲಿಲ್ಲ.)

ಹುಲಿಗೆಮ್ಮನನ್ನು ಹೊಸಬಾಳೆಗೆ ಕೊಟ್ಟಿದೆ. ಸೊರಬದ ಒಂದು ಅಕ್ಕಿ ಮಿಲ್ಲಿನಲ್ಲಿ ತೌಡು ಜರಡಿ ಹಿಡಿಯುವ ಕೆಲಸ. ಕೆಮ್ಮು ಬಿಡಲಿಲ್ಲವೆಂದು ಶಿವಮೊಗ್ಗದಲ್ಲಿ ಎಕ್ಸ್-ರೇ ತೆಗೆಸಿದರೆ, ಬಲಗಡೆ ಮೇಲ್ಭಾಗದಲ್ಲಿ ನೆರಳಿದೆ, ಟಿ.ಬಿ. ಇರಬಹುದು ಎಂದರು. 'ಇರಬಹುದು' ಎಂಬ ಮಾತು ಹೊಸಬಾಳೆಯವರೆಗೆ ಬರಲಿಲ್ಲ, ಟಿ.ಬಿ. ಬಂತು. ಅತ್ತೆ ವರದಮ್ಮ ಎಂಟು ತಿಂಗಳ ಕೂಸನ್ನು ತಾನು ಇಟ್ಟುಕೊಂಡು, ಸೊಸೆಯ ಕೈಗೆ ಒಂದು ತಟ್ಟೆ, ಒಂದು ಲೋಟ ಕೊಟ್ಟು ತವರಿಗೆ ಕಳಿಸಿದಳು. ತಿಂಗಳಾಗುತ್ತ ಬಂತು.

(ವರದಮ್ಮನನ್ನು ಗಯ್ಯಾಳಿ ಮಾಡಬೇಕೆಂದು ನನಗೆ ಬಹಳ ಆಸೆಯಿತ್ತು. ಆದರೆ ಅವಳ ಒಡಹುಟ್ಟಿದ ತಂಗಿ ಇದೇ ರೋಗದಲ್ಲಿ ಹೋದವಳು. ಕೂಸನ್ನು ಉಳಿಸಿಕೊಳ್ಳಲು ಅವಳಿಗೆ ಬೇರೆ ದಾರಿ ಗೊತ್ತಿಲ್ಲ.)

೩

ಎರಡು ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ಹುಲಿಗೆಮ್ಮ ಸತ್ತಿದ್ದಳು, ಹರಿದು ಹಾಕಿದೆ. ಅವಳಿಗೆ ಹೇಗೋ ಗೊತ್ತಾಯಿತು.

"ನನ್ನ ಸಾಯಿಸಿದ್ರಂತೆ?"

"ಕರಡಿನಲ್ಲಿ ಮಾತ್ರ."

"ಕರಡೋ ಗಿರಡೋ. ಆವಾಗ ನನ್ನ ಕೂಸು ಯಾರ ಕೈಯಾಗಿತ್ರೀ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಇಂಥ ಬರಹಗಾರನ ಕೈಗೆ ಸಿಕ್ಕ ಪಾತ್ರಗಳನ್ನು ದೇವರೇ ಕಾಯಬೇಕು.

೪

ಉಚ್ಚಂಗಪ್ಪ ಅಕ್ಕನ ಎಕ್ಸ್-ರೇ ಹಾಳೆಯನ್ನು ಇಷ್ಟು ದಿನ ಮುಟ್ಟಿರಲಿಲ್ಲ. ಪುಸ್ತಕದಲ್ಲಿ ಓದಿದ್ದು ಅಕ್ಕನ ಎದೆಯಲ್ಲಿ ಕಂಡುಬಿಟ್ಟರೆ ಎಂಬ ಭಯ. ದೂಳಿನಿಂದ ಬರುವ ಕಸುಬಿನ ರೋಗಗಳ ಭಾಗಕ್ಕೆ ಬಂದಾಗ ಮಾತ್ರ ತಡೆಯಲಾಗದೆ ಕೇಳಿದ:

"ಅಕ್ಕಾ, ಕೆಮ್ಮು ಯಾವತ್ತಾದ್ರೂ ಕಮ್ಮಿ ಆಗ್ತಿತ್ತಾ?"

"ಅಮಾಸಿಗೆ ಮಿಲ್ಲು ಬಂದ್ ಇರ್ತತಲ್ಲ, ಆವತ್ತು ಕಮ್ಮಿ. ಇಲ್ಲಿಗೆ ಬಂದ ಮ್ಯಾಲೂ ಕಮ್ಮಿನೇ."

ಅವನು ಹಾಳೆಯನ್ನು ಕಿಟಕಿಗೆ ಹಿಡಿದ. ನೆರಳು ಇತ್ತು. ಪುಸ್ತಕದ ಟಿ.ಬಿ. ಚಿತ್ರದಲ್ಲಿದ್ದ ಹಾಗೇ ಇತ್ತು. ಒಂದು ಗಳಿಗೆ ಅವನಿಗೆ ಖುಷಿಯಾಯಿತು, ಆಮೇಲೆ ನಾಚಿಕೆಯಾಯಿತು. (ಪರೀಕ್ಷೆಗೆ ಓದುವವರೆಲ್ಲ ಹೀಗೇ. ಬರೆಯುವವರೂ.) ನೆರಳಿನ ಅಂಚನ್ನು ಬೆರಳಿನಿಂದ ಹಿಂಬಾಲಿಸಿದ. ಅದು ಎದೆಗೂಡಿನೊಳಗೆ ನಿಲ್ಲಲಿಲ್ಲ. ಹೆಗಲು ದಾಟಿ, ಕತ್ತಿನ ಪಕ್ಕದಲ್ಲಿ ಹಾಳೆಯ ತುದಿಯವರೆಗೂ ಹತ್ತಿತ್ತು. ಶ್ವಾಸಕೋಶ ಎಷ್ಟೇ ಕೆಟ್ಟರೂ ಕಿವಿಯ ಕಡೆಗೆ ಬೆಳೆಯುವುದಿಲ್ಲ.

"ಅಕ್ಕಾ, ಇದನ್ನ ತೆಗೆಯೋವಾಗ ಹೆಂಗೆ ನಿಂತಿದ್ದೆ?"

ಹುಲಿಗೆಮ್ಮ ಮುಖ ತಗ್ಗಿಸಿದಳು. "ಕುಬಸ ತೆಗಿ ಅಂದ್ರು. ಗಂಡಸ್ರು ಇದ್ರಲ್ಲೋ ತಮ್ಮಾ. ಹೊದಿಯಾಕೆ ಒಂದು ತೆಳ್ಳನ ಬಟ್ಟೆ ಕೊಟ್ಟಿದ್ರು, ಅದರಾಗೆ ಎಲ್ಲಾ ಕಾಣ್ತಿತ್ತು. ಜಡೆ ಮುಂದಕ್ಕೆ ಹಾಕ್ಕಂಡೆ."

ಕರಿ ಉಣ್ಣೆ ಸೇರಿಸಿ ಹೆಣೆದ, ಎಣ್ಣೆ ಕುಡಿದ, ಮುಂಗೈಯಷ್ಟು ದಪ್ಪನೆಯ ಜಡೆ. ಉಚ್ಚಂಗಪ್ಪ ನಕ್ಕ, ನಗುತ್ತ ನಗುತ್ತ ಅಳಲು ಶುರು ಮಾಡಿದ. ಹುಲಿಗೆಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳು ಅಳಲಿಲ್ಲ, ನಗಲಿಲ್ಲ. "ಸೊರಬದ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದಳು.

೫

ತಾಳು ಎಂದ ತಮ್ಮ. ತಾಳು ಎಂದೆ ನಾನೂ. ಜಡೆಯನ್ನು ನೆತ್ತಿಯ ಮೇಲೆ ಗಂಟು ಹಾಕಿಸಿ ಇನ್ನೊಂದು ಎಕ್ಸ್-ರೇ ತೆಗೆಸಿದೆವು, ಕಫದ ಪರೀಕ್ಷೆಯನ್ನೂ ಮಾಡಿಸಿದೆವು. ಕಫದಲ್ಲಿ ಏನೂ ಇರಲಿಲ್ಲ. ಹಾಳೆಯಲ್ಲಿ ನೆರಳು ಇರಲಿಲ್ಲ. ನಾನು ಪೆನ್ನು ಕೆಳಗಿಟ್ಟು ದೊಡ್ಡದೊಂದು ಉಸಿರು ಬಿಟ್ಟೆ. ನೀವೂ ಬಿಡಬಹುದು.

೬ (ಮುಗಿಸುವ ಪ್ರಯತ್ನಗಳು)

ಅವಳು ಮಿಲ್ಲಿನ ಕೆಲಸ ಬಿಟ್ಟಳು, ಕೆಮ್ಮು ಹೋಯಿತು, ಶುಭಂ. "ಬಿಟ್ಟು ಉಣ್ಣೋದೇನು?" ಎಂದಳು ಹುಲಿಗೆಮ್ಮ. ಸರಿ, ಹೊಡೆದು ಹಾಕಿದೆ.

ಉಚ್ಚಂಗಪ್ಪನಿಗೆ ಪರೀಕ್ಷೆಯಲ್ಲಿ ತೌಡಿನ ದೂಳಿನ ಮೇಲೆಯೇ ಪ್ರಶ್ನೆ ಬಂತು. ಇದನ್ನು ಅವನೇ ನಂಬಲಿಲ್ಲ.

ಗಂಡ ಕಲ್ಲಪ್ಪ ತಾಯಿಗೆ ಎದುರು ನಿಂತು ಕೂಸನ್ನು ತಂದ. ಕಲ್ಲಪ್ಪನೇ ಬಂದು, "ಅದೊಂದು ನನ್ನ ಕೈಲಿ ಆಗಾಂಗಿಲ್ರೀ" ಎಂದು ಕೈ ಮುಗಿದು ಹೋದ.

ಇಷ್ಟರಲ್ಲಿ ಹುಲಿಗೆಮ್ಮ ತಮ್ಮನನ್ನು ಹೊರಡಿಸಿಕೊಂಡು ಬಸ್ಸು ಹತ್ತಿಬಿಟ್ಟಿದ್ದಳು. ನಾನು ಓಡಿಹೋಗಿ ಹಿಂದಿನ ಸೀಟು ಹಿಡಿದೆ. ದಾರಿಯಲ್ಲಿ ಅವಳು ಒಮ್ಮೆ ಕೆಮ್ಮಿದಳು. ಪಕ್ಕದವರು ಸರಿದು ಕೂತರು. ಅವಳು ಆರಾಮಾಗಿ ಕಾಲು ಚಾಚಿದಳು.

ಹೊಸಬಾಳೆಯಲ್ಲಿ ವರದಮ್ಮ ಎರಡೂ ಹಾಳೆಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಇದ್ರಲ್ಲಿ ರೋಗ ಇಲ್ಲ ಅನ್ನೋದು ಎಲ್ಲಿದೆಯೋ?"

"ಇಲ್ಲದ್ದು ಕಾಣಾಂಗಿಲ್ಲ ಅತ್ತೆ," ಎಂದ ಉಚ್ಚಂಗಪ್ಪ. "ಇದ್ದದ್ದು ಅಕ್ಕನ ಜಡೆ."

ವರದಮ್ಮ ಹಾಳೆ ಇಳಿಸಿ ಸೊಸೆಯ ಜಡೆ ನೋಡಿದಳು, ಮುಖ ನೋಡಿದಳು. ಒಳಗೆ ಹೋಗಿ ಕೂಸನ್ನು ಎತ್ತಿ ತಂದಳು. "ಆಕಳ ಹಾಲು ಹಾಕಿ ಹಾಕಿ ನನಗೂ ಸಾಕಾಯ್ತು. ತಗಾ ನಿನ್ನ ಮಗನ್ನ," ಎಂದಳು.

ಕೂಸು ತಾಯಿಯ ತೋಳಿಗೆ ಬಂದದ್ದೇ ಚೀರಲು ಶುರು ಮಾಡಿತು. ಹುಲಿಗೆಮ್ಮ ಗೋಡೆಗೆ ಮುಖ ಮಾಡಿ ಕೂತಳು. ಇಷ್ಟು ದಿನ ಬಿಟ್ಟಿದ್ದ ಎದೆಯಲ್ಲಿ ಹಾಲು ಉಳಿದಿರುತ್ತದೆಯೇ? ಉಚ್ಚಂಗಪ್ಪ ಓದಿದ ಅಧ್ಯಾಯದಲ್ಲಿ ಅದಿಲ್ಲ. ನಾನು ಪೆನ್ನು ಹಿಡಿದು ಕಾದೆ.

"ನೀವು ಒಂಚೂರು ಆ ಕಡೆ ತಿರುಗ್ರಿ," ಎಂದಳು ನನಗೆ.

ತಿರುಗಿದ್ದೇನೆ. ಅಳು ನಿಂತಿದೆ. ಕೂಸಿಗೆ ಸಿಕ್ಕಿದ್ದು ಹಾಲೋ, ಬರೀ ತಾಯಿಯೋ, ನೋಡದೆ ನಾನು ಹೇಳಲಾರೆ, ನೋಡುವುದೂ ಇಲ್ಲ.