ಸಂಕೇತವಲ್ಲದ ಆಡು

"ಪ್ರಜ್ಞಾಪ್ರವಾಹ ತಂತ್ರವನ್ನು ಉದಾಹರಣೆ ಸಹಿತ ವಿವರಿಸಿ. ಹತ್ತು ಅಂಕ."

ಉಜ್ಮಾ ಪ್ರಶ್ನೆಯನ್ನು ನಾಲ್ಕನೇ ಸಲ ಓದಿದಳು. ಸುಮಂಗಲಾ ಮೇಡಂ ನವ್ಯ ಕಥೆಯ ಈ ಪಾಠ ಮಾಡಿದ ವಾರ ಅವಳು ಸೇಡಂ ಕಾಲೇಜಿನ ಮೆಟ್ಟಿಲೇ ಹತ್ತಿರಲಿಲ್ಲ. ಕಾಗಿಣಾ ನದಿ ಮನೆಯೊಳಗೆ ಬಂದು ಕೂತಿತ್ತು. ಅವಳಿಗೆ ಗೊತ್ತಿದ್ದ ಪ್ರವಾಹ ಅದೊಂದೇ. ಪಾಪ, ಅದನ್ನೇ ಬರೆಯತೊಡಗಿದಳು.

ನೀರು ಸದ್ದಿಲ್ಲದೆ ಬಂತು, ಚಪ್ಪಲಿಗಳು ತೇಲಿದವು, ಅದರಲ್ಲೊಂದು ಅಬ್ಬಾನದು, ಅಬ್ಬಾ ಕೆಲಸಕ್ಕೆಂದು ಹೈದರಾಬಾದಿನಲ್ಲಿ, ಅಲ್ಲಿಂದ ತಂದುಕೊಟ್ಟ ಹಸಿರು ಬಳೆ, ಬಳೆಗೆ ಸಿಕ್ಕಿಕೊಂಡ ಹಗ್ಗ, ಹಗ್ಗದ ತುದಿಗೆ ಆಡು. ಮೇಲೆ ಫ್ಯಾನು ತಿರುಗುತ್ತಿತ್ತು. ಪರೀಕ್ಷೆಯ ಕೋಣೆ ಎಲ್ಲೋ ದೂರ ಸರಿದುಹೋಗಿತ್ತು. ಕೊರಳಮಟ್ಟ ನೀರಿನಲ್ಲಿ ಆಡು ಅವಳನ್ನೇ ನೋಡುತ್ತಿತ್ತು. ಈಜಿಯಾದರೂ ಬದುಕಲಿ ಎಂದು ಅವಳು ಗಂಟು ಬಿಚ್ಚಿದ್ದಳು. ಹೋದ ಆಡು ತಿರುಗಿ ಬರಲಿಲ್ಲ.

ನೀರಿಳಿದ ಮೇಲೆ ಅಮ್ಮಿ ಜೈಬುನ್ನೀಸಾ, ಪಕ್ಕದ ಮನೆಯ ಶರಣಬಸಮ್ಮನೇ ಆಡು ಬಿಚ್ಚಿ ಮಾರಿಕೊಂಡಿದ್ದಾಳೆಂದು ಓಣಿಯೆಲ್ಲ ಕೇಳುವಂತೆ ಬೈದಳು. ಉಜ್ಮಾ ಹೆದರಿ ಬಾಯಿ ಬಿಡಲಿಲ್ಲ. ನಾಲ್ಕು ತಿಂಗಳಾಯಿತು, ಎರಡು ಮನೆಗಳ ನಡುವೆ ಮಾತಿಲ್ಲ. 'ಬಿಚ್ಚಿದವಳು ನಾನು' ಎಂದು ಪೆನ್ನು ಬರೆದೇಬಿಟ್ಟಿತು. ಅದನ್ನು ಓದಿ ಅವಳು ಪೆನ್ನು ಕೆಳಗಿಟ್ಟಳು.

"ಈ ಆಡು ಯಾತರ ಸಂಕೇತ, ಉಜ್ಮಾ?" ಹಿಂದೆ ನಿಂತು ಓದುತ್ತಿದ್ದ ಸುಮಂಗಲಾ ಮೇಡಂ ಕೇಳಿದರು.

"ಸಂಕೇತ ಅಲ್ರಿ ಮೇಡಂ, ನಮ್ಮ ಆಡು."

ಮೇಡಂ ನಗಲು ಹೋದವರು ಅವಳ ಮುಖ ನೋಡಿ, ಬಗ್ಗಿ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದರು.

"ಹೊಡದು ಹಾಕ್ಲೇನ್ರಿ?"

"ಬ್ಯಾಡ. ಇರ್ಲಿ ಬಿಡು."

ಬರೆದದ್ದು ಮೇಡಂ ಕೈಗೆ ಹೋಯಿತು, ಹೇಳಬೇಕಾದವರಿಗೆ ಹೇಳುವುದು ಮಾತ್ರ ಬಾಕಿ ಉಳಿಯಿತು. ಮಧ್ಯಾಹ್ನ ಓಣಿಗೆ ಬಂದವಳು ತಮ್ಮ ಮನೆ ದಾಟಿ ಪಕ್ಕದ ಬಾಗಿಲಲ್ಲಿ ನಿಂತಳು. ರೊಟ್ಟಿ ಬಡಿಯುತ್ತಿದ್ದ ಶರಣಬಸಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಕಾಕಿ, ಆಡಿನ ಹಗ್ಗ ನಾನೇ ಬಿಚ್ಚಿದ್ನಿರಿ."

"ಗೊತ್ತದವ್ವ. ಅವತ್ತೇ ಮಾಳಿಗಿ ಮ್ಯಾಲಿಂದ ನೋಡೀನಿ."

"ಮತ್ಯಾಕ ಹೇಳ್ಲಿಲ್ರಿ? ಅಷ್ಟೆಲ್ಲಾ ಬೈಸ್ಕೊಂಡ್ರಿ..."

"ಹೇಳಿದ್ರ ನಿಮ್ಮವ್ವ ನಿನ್ನ ಭಾಳ ಬಡೀತಿದ್ಳು. ನನಗ ಬೈದ್ರ ಏನಾತು? ನಾ ಏನ್ ಸಣ್ಣಾಕೀನಾ?"

ಉಜ್ಮಾಗೆ ಅಳು ತಡೆಯಲಾಗಲಿಲ್ಲ. ಗೋಡೆಯಾಚೆ ಕಟಕಟ ನಡೆದಿದ್ದ ಅಮ್ಮಿಯ ಹೊಲಿಗೆ ಮಷಿನ್ ನಿಂತುಹೋಯಿತು.