ಯಾರೂ ಎತ್ತದ ಇಪ್ಪತ್ತೇಳು

ಅಟ್ಟೂರಿನ ಆ ಪಂಪ್‌ಸೆಟ್ ಕಂಪನಿಯ ಫೋನ್ ಸರ್ವರ್ ಇದ್ದದ್ದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ. ವರ್ಷವರ್ಷವೂ ಆಯುಧಪೂಜೆಗೆ ಹಚ್ಚಿದ ಕುಂಕುಮ ಪದರಪದರವಾಗಿ ಗಟ್ಟಿಯಾಗಿ, ಗಾಳಿಯಾಡುವ ಕಿಂಡಿಗಳೆಲ್ಲ ಮುಚ್ಚಿಹೋಗಿದ್ದವು. ಒಳಗಿನ ಫ್ಯಾನು ಗೂರಲು ಹತ್ತಿದ ಅಜ್ಜನ ಹಾಗೆ ಏದುಸಿರು ಬಿಡುತ್ತಿತ್ತು.

"ಪ್ರತಿ ವರ್ಷ ನಿಂಬೆಹಣ್ಣು ಇಟ್ಟಿದೀವಿ ಮೇಡಂ, ಅದಕ್ಕೇ ಇಷ್ಟು ದಿನ ಬಂತು" ಎಂದಳು ರಿಸೆಪ್ಷನ್ನಿನ ಮಾಲಾ.

"ನಿಂಬೆಹಣ್ಣು ಸರಿ ಕಣ್ರೀ, ಕುಂಕುಮ ಸ್ವಲ್ಪ ಕಮ್ಮಿ ಹಾಕ್ಬೋದಿತ್ತು" ಎಂದು ಹರಿಪ್ರಿಯಾ ನಕ್ಕಳು.

ಆರ್.ಟಿ. ನಗರದಲ್ಲಿ ಪುಟ್ಟ ಅಂಗಡಿ ಇಟ್ಟುಕೊಂಡು ಆಫೀಸುಗಳ ಫೋನು ನೋಡಿಕೊಳ್ಳುವ ಹರಿಪ್ರಿಯಾಗೆ ಇಂಥ ಮುದಿ ಸರ್ವರುಗಳು ಹೊಸತೇನಲ್ಲ. ಹಳೆಯದನ್ನು ತೆಗೆದು ಹೊಸದು ಕೂರಿಸುವ ಮುಂಚೆ ಒಂದಷ್ಟು ದಿನದ ಕರೆಗಳ ಮೇಲೆ ಕಣ್ಣಾಡಿಸುವುದು ಅವಳ ರೂಢಿ. ಯಾರು ಯಾರಿಗೆ ಎಷ್ಟು ಹೊತ್ತು ಫೋನು ಮಾಡುತ್ತಾರೆಂದು ತಿಳಿದರೆ ಆಫೀಸಿನ ಅರ್ಧ ಜಾತಕ ತಿಳಿದಂತೆ. ಆದರೆ ಈ ಆಫೀಸಿನ ಜಾತಕದಲ್ಲಿ ಒಂದು ಗ್ರಹ ಎಲ್ಲಿ ಕೂತಿದೆಯೆಂದೇ ಗೊತ್ತಾಗಲಿಲ್ಲ. ಇಪ್ಪತ್ತೇಳನೇ ನಂಬರಿಗೆ ಮ್ಯಾನೇಜರಿಗಿಂತ ಹೆಚ್ಚು ಕರೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಸಮ. ಎಲ್ಲ ಮೂಲೆಯಿಂದಲೂ. ಅದರಲ್ಲಿ ಒಂದನ್ನಾದರೂ ಯಾರೂ ಎತ್ತಿರಲಿಲ್ಲ!

ಎತ್ತದ ಫೋನಿಗೆ ಇಷ್ಟು ಜನ ಯಾಕೆ ಮಾಡುತ್ತಾರೆ? ಎತ್ತಲಿಲ್ಲವೆಂದು ಒಬ್ಬರೂ ಯಾಕೆ ದೂರು ಕೊಟ್ಟಿಲ್ಲ?

ಮ್ಯಾನೇಜರ್ ವೇಣುಗೋಪಾಲ್ ಕೇಳಿದ ಕೂಡಲೇ ಕೈ ಕೊಡವಿದರು. "ಇಪ್ಪತ್ತೇಳಾ? ಅಂಥದ್ದೇ ಇಲ್ಲಮ್ಮ ಇಲ್ಲಿ. ತೆಗೆದ್ಬಿಡಿ." ಅವಳು ಬಾಗಿಲ ತನಕ ಹೋಗಿರಬೇಕು, ಹಿಂದಿನಿಂದ ದನಿ ಬಂತು: "ಅಥವಾ ಇರ್ಲಿ ಬಿಡಿ. ಪಾಪ, ಯಾಕ್ ತೆಗೀಬೇಕು?"

ಮಾಲಾಳನ್ನು ಕೇಳಿದರೆ, "ನಂಗೇನ್ ಗೊತ್ತು ಮೇಡಂ" ಎಂದು ಕಿಟಕಿಯಾಚೆಯ ಕಾಂಪೌಂಡ್ ಗೋಡೆ ನೋಡಿದಳು.

ಮನುಷ್ಯರು ಬಾಯಿ ಬಿಡದಿದ್ದರೇನು, ವೈರು ಸುಳ್ಳು ಹೇಳುವುದಿಲ್ಲ. ಹರಿಪ್ರಿಯಾ ಇಪ್ಪತ್ತೇಳರ ವೈರು ಹಿಡಿದು ಹೊರಟಳು. ಅದು ಸ್ಟೋರಿನ ಸೂರು ಹತ್ತಿ, ಶೌಚಾಲಯದ ಹಿಂದೆ ಇಳಿದು, ನುಗ್ಗೆಮರವನ್ನು ಒಂದು ಸುತ್ತು ಹಾಕಿ, ಕಾಂಪೌಂಡಿನಲ್ಲಿ ಇಟ್ಟಿಗೆ ಕಿತ್ತ ಒಂದು ಕಿಂಡಿಯೊಳಗೆ ನುಗ್ಗಿತ್ತು. ಬಗ್ಗಿ ನೋಡಿದರೆ ಆಚೆಯಿಂದ ಎರಡು ಕಣ್ಣುಗಳು ಇವಳನ್ನೇ ನೋಡುತ್ತಿದ್ದವು.

"ಎಷ್ಟವ್ವ? ಗಂಟೆ ಒಡೀಲಿಲ್ವಲ್ಲ?"

ಅದು ಬೈರಮ್ಮನ ಟೀ ಅಂಗಡಿ. ಕಂಬಕ್ಕೆ ಒಂದು ಹಳೇ ಫೋನು ನೇತು ಹಾಕಿತ್ತು, ರಿಸೀವರೇ ಇಲ್ಲ. ಹರಿಪ್ರಿಯಾ ಗೇಟು ಸುತ್ತಿ ಓಡಿಬಂದು ಅದರ ಮುಂದೆ ನಿಂತಳು.

"ರಿಸೀವರ್ ಎಲ್ಲಮ್ಮ?"

"ಕಿತ್ ವಾಪಸ್ ಕೊಟ್ಟೆ" ಎಂದಳು ಬೈರಮ್ಮ, ಹಾಲು ತಿರುವುತ್ತ. "ನಿನಗಿಂತ ಮುಂಚೆ ಇಲ್ಲಿ ಫೋನ್ ರಿಪೇರಿ ಮಾಡ್ತಿದ್ದ ಶಿವಪುತ್ರ ಟೀ ಆಸೆಗೆ ಈ ವೈರ್ ಎಳೆದು ಕೊಟ್ಟ. ಎತ್ತಿದ್ರೆ ಬಿಡ್ತಿದ್ರಾ ಇವ್ರು? ಟೀ ಏಳಾಕೆ ಮಾಡಿ, ಅತ್ತೆ ಕಾಟ, ಮೊಣಕಾಲ್ ನೋವು, ರಾಜಾನುಕುಂಟೆ ಸೈಟಿನ ತಕರಾರು, ಎಲ್ಲಾ ನಂಗೇ! ಇತ್ತಾಗೆ ಆಲು ಉಕ್ಕೋಗೋದು. ಮಾತೇ ಬ್ಯಾಡ, ಎಷ್ಟು ಕಪ್ಪೋ ಅಷ್ಟು ಸಲ ಬಾರ್ಸಿ ಇಟ್ಬಿಡಿ ಅಂದೆ. ಸ್ವಲ್ಪ ಬಿಟ್ಟು ಇನ್ನೊಂದ್ ಸಲ ಬಾರ್ಸಿದ್ರೆ ಸಕ್ರೆ ಇಲ್ದಿದ್ದು."

ಅಷ್ಟರಲ್ಲಿ ಗಂಟೆ ಮೂರು ಸಲ ಬಡಿಯಿತು. ಬೈರಮ್ಮ ಮೂರು ಲೋಟ ತುಂಬಿಸಿ ಕಿಂಡಿಯಲ್ಲಿಟ್ಟಳು. ಆಚೆಯಿಂದ ಮಾಲಾಳ ಬಳೆಕೈ ಬಂತು, ಹರಿಪ್ರಿಯಾಳ ಮುಖ ಕಂಡು ಅಲ್ಲೇ ನಿಂತಿತು. "ಮೇಡಂ, ಸಾರ್‌ಗೆ ಹೇಳ್ಬೇಡಿ, ಪ್ಲೀಸ್. ಕಾಂಪೌಂಡ್ ಒಡೆದಿರೋದು ಗೊತ್ತಾದ್ರೆ ನಮ್ ಕಥೆ ಮುಗೀತು."

ಬೈರಮ್ಮ ದನಿ ತಗ್ಗಿಸಿದಳು. "ಅದ್ಯಾವನೋ ಕಾಫಿ ಮಿಷಿನ್ನೋನು ಆಫೀಸಿಗೆ ಬಂದು ಓಗ್ತಾವ್ನಂತೆ. ರೋಡ್ ಅಗೆದ ಮೇಲೆ ಈಚೆ ಕಡೆ ಗಿರಾಕೀನೇ ಇಲ್ಲ ಕಣವ್ವ. ಈ ಗಂಟೆ ನಿಂತ್ರೆ ನಾನು ಒಲೆ ಆರ್ಸಿ ಮನೇಗೋಗ್ಬೇಕು."

"ನಿಲ್ಲಲ್ಲಮ್ಮ. ನಾನಿದೀನಲ್ಲ" ಎಂದಳು ಹರಿಪ್ರಿಯಾ.

ಹೇಳುವುದೇನು, ಹೇಳಿಬಿಟ್ಟಳು. ಭಾನುವಾರ ಹೊಸ ಸರ್ವರ್ ಕೂರಿಸಿ, ಎಲ್ಲರ ಮೇಜಿಗೂ ಹೊಸ ಫೋನಿಟ್ಟು, ಬೈರಮ್ಮನ ಹಳೇ ಫೋನು ಹೊಸದಕ್ಕೆ ಹೊಂದುವಂತೆ ಒಂದು ಚಿಕ್ಕ ಡಬ್ಬಿ ಜೋಡಿಸಿ, ಗಂಟೆ ಬಡಿಸಿ ನೋಡಿಕೊಂಡೇ ಮನೆಗೆ ಹೋದಳು. ಸೋಮವಾರ ಬಂದರೆ ಕಿಂಡಿಯ ಹತ್ತಿರ ಸಂತೆ.

"ನಾಲ್ಕು ಬಾರಿಸ್ದೆ, ಮೂರೇ ಬಂತು!"

"ನಂಗೆ ಒಂದು ಸಾಕಾಗಿತ್ತು, ಎರಡಿದೆ."

"ಅದು ನಂದು ಮಗಾ, ಇಡು ಕೆಳಗೆ!"

ಗದ್ದಲದ ನಡುವೆ ಹಿಂದಿನಿಂದ ಯಾರೋ ಕೆಮ್ಮಿದರು. "ನಂದು ಬರ್ಲೇ ಇಲ್ವಲ್ಲ?"

ಎಲ್ಲರೂ ತಿರುಗಿದರು. ವೇಣುಗೋಪಾಲ್!

"ಸಾರ್, ನೀವೂ?" ಎಂದಳು ಮಾಲಾ.

ಮ್ಯಾನೇಜರ ಕಿವಿ ಕೆಂಪಾಯಿತು. ಸಿಕ್ಕಿಬಿದ್ದ ಸಂಕಟಕ್ಕೆ ಸಿಟ್ಟೇ ಸಲೀಸು. "ಈ ತಂಟೇನೇ ಬೇಡ! ಕಾಫಿ ಮಿಷಿನ್‌ನೋನಿಗೆ ಸಂಜೆ ಬಾ ಅಂತೀನಿ."

"ಸಾರ್, ನಾಲ್ಕು ಗಂಟೆ ಟೀ ತನಕ ಟೈಮ್ ಕೊಡಿ" ಎಂದಳು ಹರಿಪ್ರಿಯಾ. ಕಿಂಡಿಯಾಚೆ ಬೈರಮ್ಮ ಒಲೆಯ ಉರಿ ತಗ್ಗಿಸಿದಳು. ಅದು ಹರಿಪ್ರಿಯಾಗೆ ಚುಚ್ಚಿತು.

ಗಂಟೆ ಬಡಿಯುತ್ತಿದೆ, ವೈರು ಸರಿಯಿದೆ, ಲೆಕ್ಕ ಮಾತ್ರ ತಪ್ಪುತ್ತಿದೆ. ಯಾಕಿರಬಹುದು? ಅವಳು ಕಂಬದ ಪಕ್ಕ ನಿಂತು ಮೊಬೈಲಿನಲ್ಲಿ ಮಾಲಾಳನ್ನು ಹಿಡಿದಳು. "ನಿಮ್ ಫೋನಿಂದ ಇಪ್ಪತ್ತೇಳಕ್ಕೆ ಮಾಡಿ. ನಿಮಗೆ ಕೇಳ್ಸಿದಾಗೆಲ್ಲ ಜೋರಾಗಿ ಎಣಿಸಿ."

"ಒಂದು..." ಎಂದಳು ಮಾಲಾ. ಕಂಬದ ಮೇಲೆ ಸದ್ದಿಲ್ಲ. "ಎರಡು..." ಎನ್ನುವಾಗ ಗಂಟೆ ಮೊದಲ ಸಲ ಬಡಿಯಿತು.

ಹರಿಪ್ರಿಯಾಗೆ ಖುಷಿಯಿಂದ ಕುಣಿಯುವಂತಾಯಿತು. ಹಳೆಯ ಸರ್ವರಿನಲ್ಲಿ ಮಾಡಿದವರಿಗೆ ಕೇಳುವ ಗಂಟೆ, ಕಂಬದ ಮೇಲೆ ಬಡಿಯುವ ಗಂಟೆ ಜೊತೆಜೊತೆಗೇ ನಡೆಯುತ್ತಿದ್ದವು. ಹೊಸ ಫೋನುಗಳು ಹಾಗಲ್ಲ. ಮಾಡಿದವರ ಕಿವಿಗೆ ಕೇಳುವ ಟ್ರಿಂಗ್ ಅವರ ಕೈಯಲ್ಲಿರುವ ಫೋನೇ ಮಾಡಿಕೊಳ್ಳುವ ಸದ್ದು. ಆಚೆ ಏನಾಗುತ್ತಿದೆಯೆಂದು ಅದಕ್ಕೆ ಗೊತ್ತೇ ಇಲ್ಲ. ಯಾವ ಆಫೀಸಿನಲ್ಲೂ ಇದು ತೊಂದರೆಯಲ್ಲ, ಯಾಕೆಂದರೆ ಯಾವ ಆಫೀಸಿನಲ್ಲೂ ಗಂಟೆ ಎಣಿಸಿ ಟೀ ಸೋಸುವುದಿಲ್ಲ!

ಮನುಷ್ಯರು ಎಣಿಸಿದರೆ ತಾನೇ ತಪ್ಪುವುದು, ಸರ್ವರೇ ಎಣಿಸಲಿ. ಮೆಟ್ಟಿಲ ಕೆಳಗೆ ಚಕ್ಕಂಬಕ್ಕಲ ಹಾಕಿ ಕೂತವಳು ಊಟಕ್ಕೂ ಏಳಲಿಲ್ಲ. ನಾಲ್ಕಕ್ಕೆ ಎದ್ದು ಬಂದು ಎಲ್ಲರಿಗೂ ಹೇಳಿದಳು: "ಇಪ್ಪತ್ತೇಳು ಒತ್ತಿ, ಹಿಂದೇನೇ ಎಷ್ಟು ಕಪ್ಪೋ ಆ ನಂಬರ್ ಒತ್ತಿ ಇಟ್ಬಿಡಿ. ಅಷ್ಟೇ ಸಲ ಬಾರಿಸಿ ತಾನೇ ನಿಲ್ಲುತ್ತೆ. ಸಕ್ಕರೆ ಬೇಡ್ದಿದ್ರೆ ಕೊನೇಲಿ ಸೊನ್ನೆ."

"ನಾನೇ ನೋಡ್ತೀನಿ" ಎಂದು ವೇಣುಗೋಪಾಲ್ ತಮ್ಮ ಕೋಣೆಗೆ ಹೋದರು. ಕಾಫಿ ಮಿಷಿನ್ನಿನವನು ಆಗಲೇ ರಿಸೆಪ್ಷನ್ನಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ಹರಿಪ್ರಿಯಾ ಕಂಬದ ಹತ್ತಿರ ಓಡಿದಳು. ಗಂಟೆ ಒಂದು ಸಲ ಬಡಿಯಿತು. ನಿಂತಿತು. ಸ್ವಲ್ಪ ಬಿಟ್ಟು ಇನ್ನೊಂದು ಬಡಿಯುತ್ತದೆಂದು ಅವಳು ಕಾದಳು, ಮ್ಯಾನೇಜರ್ ಸಕ್ಕರೆ ಬಿಟ್ಟು ವರ್ಷವಾಯಿತೆಂದು ಆಫೀಸೆಲ್ಲ ಹೇಳಿತ್ತು. ಬಡಿಯಲಿಲ್ಲ.

"ತಪ್ಪಾಯ್ತೇನೋ ಅಮ್ಮ. ಸಾರ್‌ದು ಸಕ್ಕರೆ ಇಲ್ದಿದ್ದಲ್ವಾ?"

"ಯಾರಂದೋರು?" ಬೈರಮ್ಮ ಎರಡು ಚಮಚ ತುಂಬಾ ಹಾಕಿ ಗಿರ್ರನೆ ತಿರುವಿದಳು. "ದಿನಾ ನಾಲ್ಕಕ್ಕೆ ಒಂದೇ ಗಂಟೆ. ಸರಿಯಾಗೇ ಐತೆ."

ಲೋಟ ಕಿಂಡಿ ದಾಟಿತು. ಆಚೆ ಒಂದು ಗುಟುಕಿನ ಸದ್ದು, ಆಮೇಲೆ ವೇಣುಗೋಪಾಲರ ದನಿ: "ಮಾಲಾ, ಆ ಮಿಷಿನ್‌ನೋನಿಗೆ ಸದ್ಯಕ್ಕೆ ಬೇಡ ಅನ್ನಮ್ಮ. ಮತ್ತೆ... ನನ್ ಲೋಟದ ವಿಷಯ ಮನೇಗ್ ಹೋಗ್ಬಾರ್ದು, ಆಯ್ತಾ?"

ಗಂಟೆ ಐದು ಸಲ ಬಡಿಯಿತು. ಹಿಂದೆಯೇ ಎರಡು. ಬೈರಮ್ಮ ಲೋಟ ಜೋಡಿಸುತ್ತ ಕೇಳಿದಳು, "ಈಗ ಗಂಟೆ ಎಣ್ಸೋನು ಯಾರವ್ವ ಒಳಗೆ?"

"ಹೊಸ ಸರ್ವರ್ ಅಮ್ಮ. ಮೆಟ್ಟಿಲ ಕೆಳಗಿರುತ್ತೆ."

"ದಿನವೆಲ್ಲ ಎಣಿಸ್ತದಾ? ಪಾಪ. ಅದಕ್ಕೇನಾದ್ರೂ ಮಾಡ್ಬೇಕಾ ನಾವು?"

"ಆಯುಧಪೂಜೆಗೆ ಕುಂಕುಮ ಹಚ್ಚದೆ ಇದ್ರೆ ಸಾಕು" ಎಂದು ಹರಿಪ್ರಿಯಾ ಬೆಂಚಿನ ಮೇಲೆ ಕೂತು, ಲೋಟಕ್ಕೆ ಕೈ ಚಾಚಿದಳು.