ಅರ್ಚನಾಳ ಕತ್ತಿನ ಗಂಧೆ

ನನ್ನ ಹೆಂಡತಿ ಸುಕನ್ಯಾ, ಹಾಲಿನವನು ನಕ್ಕರೆ ಹಾಲಿಗೆ ನೀರು ಬೆರೆಸಿದ್ದಾನೆ ಎನ್ನುವವಳು. ಈ ಸಲ ಅವಳ ಅನುಮಾನ ನನ್ನ ಅವ್ವನ ಮೇಲೆ ಬಿದ್ದಿತ್ತು.

ಕೊಟ್ಟೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸುಕನ್ಯಾ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಅವಳು ಗಿರಾಕಿಗಳ ಹುಬ್ಬು ತೀಡುವಾಗ ಮಗಳು ಅರ್ಚನಾಳನ್ನು ನೋಡಿಕೊಳ್ಳುವವಳು ಅವ್ವ, ಕೊಟ್ರಬಸಮ್ಮ. ಮಗಳ ಕತ್ತಿನ ಹಿಂದೆ ಮೊದಲು ಸಣ್ಣ ಕೆಂಪು ಗಂಧೆ ಎದ್ದವು. ಆಮೇಲೆ ಹೆಗಲಿಗೆ, ಬೆನ್ನಿಗೂ ಹಬ್ಬಿದವು. ಸೋಪು ಬದಲಾಯಿಸಿದೆವು, ನಂಜೆಂದು ಬದನೆಕಾಯಿ ಬಿಟ್ಟೆವು. ತುರಿಕೆ ಮಾತ್ರ ನಿಲ್ಲಲಿಲ್ಲ.

"ನಿಮ್ಮವ್ವ ಮಧ್ಯಾಹ್ನ ಹುಡುಗೀನ ಒಳಗ ಕರ್ಕೊಂಡು ಬಾಗಿಲಾ ಹಾಕ್ಕೊಂತಾರ. ಏನೋ ಎಣ್ಣಿ ಹಚ್ತಾರ, ಕಹಿ ವಾಸನಿ ಬರತೈತಿ. ಕೇಳಿದ್ರ, ಅಜ್ಜಿ ಹೇಳಬ್ಯಾಡ ಅಂದಾಳ ಅಂತಾಳ ನಿಮ್ಮ ಮಗಳು," ಎಂದಳು ಸುಕನ್ಯಾ, ತುರುಬು ಕೆರೆದುಕೊಳ್ಳುತ್ತ.

ಅಷ್ಟು ಸಾಲದೆಂಬಂತೆ ಅವ್ವ, ತಾಯಿಯ ಮಗ್ಗುಲಲ್ಲಿ ಮಲಗುತ್ತಿದ್ದ ಹುಡುಗಿ ಇನ್ನು ತನ್ನ ಹತ್ತಿರವೇ ಮಲಗಲಿ ಎಂದು ಹಟ ಹಿಡಿದಳು.

"ನನ್ನ ಮಗಳನ್ನ ತಮ್ಮ ಕಡಿ ಮಾಡ್ಕೊಳಾಕ ನೋಡ್ತಾರ. ಅವರನ್ನ ಹರಪನಹಳ್ಳಿಗೆ, ನಿಮ್ಮ ತಮ್ಮನ ಮನಿಗೆ ಬಿಟ್ಟು ಬರ್ರಿ."

ನಾನು ಬೇಡವೆನ್ನಲಿಲ್ಲ. ಆ ಮುಚ್ಚಿದ ಬಾಗಿಲು ನನಗೂ ಸರಿ ಕಂಡಿರಲಿಲ್ಲ. ಯಾಕೆ ಕಳಿಸುತ್ತೀರೆಂದು ಅವ್ವ ಕೇಳಲೂ ಇಲ್ಲ, ಸುಮ್ಮನೆ ಸೀರೆಗಳನ್ನು ಚೀಲಕ್ಕೆ ತುಂಬಿದಳು. ಏನೋ ಮಾಡಿದ್ದಾಳೆ, ಅದಕ್ಕೇ ಬಾಯಿ ಬಿಡುತ್ತಿಲ್ಲ ಎಂದುಕೊಂಡೆ.

ಅವ್ವನನ್ನು ಬಿಡಲು ಹೋಗುವ ಮೊದಲು ಮಗಳನ್ನು ಹಗರಿಬೊಮ್ಮನಹಳ್ಳಿಯ ಡಾಕ್ಟರಿಗೆ ತೋರಿಸಿದೆವು. ಸಾಕ್ಷಿಗೆಂದು ಸುಕನ್ಯಾ ಆ ಎಣ್ಣೆಯ ಬಾಟಲಿಯನ್ನೂ ಒಯ್ದಿದ್ದಳು. ಡಾಕ್ಟರು ಅದನ್ನು ಮೂಸಿ, "ಬೇವಿನೆಣ್ಣಿ" ಎಂದು ಬದಿಗಿಟ್ಟು, ಮಗಳ ಕೂದಲು ಬಿಡಿಸಿ ನೋಡಿದರು.

"ತಲಿಯಾಗ ಹೇನು ಅದಾವ. ಅವು ಕಚ್ಚಿದ್ದು ಮೈಗೆ ಒಗ್ಗದ ಈ ಗಂಧಿ ಎದ್ದಾವ. ಮನ್ಯಾಗ ಯಾರೋ ದಿನಾ ಹೆಕ್ಕಿ ತಗದಾರ, ಇಲ್ಲಂದ್ರ ಇನ್ನೂ ಹೆಚ್ಚಾಗ್ತಿದ್ವು. ಆದ್ರ ಮತ್ತ ಮತ್ತ ಹತ್ತಾಕತ್ಯಾವ. ಹುಡುಗಿ ಯಾರ ಹತ್ರ ಮಲಗ್ತಾಳ?"

ತುರುಬಿಗೆ ಹೋಗಿದ್ದ ಕೈಯನ್ನು ಸುಕನ್ಯಾ ಮೆಲ್ಲಗೆ ಇಳಿಸಿದಳು.

ಮನೆಗೆ ಬಂದಾಗ ಪಾರ್ಲರಿನಲ್ಲಿ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಅವ್ವ ಒಳಗೆ ಚೀಲದ ಪಕ್ಕ ಕೂತಿದ್ದಳು.

"ನನಗ ಒಂದು ಮಾತು ಯಾಕ ಹೇಳಲಿಲ್ರಿ, ಅತ್ತಿ?"

ಅವ್ವ ಮುಂದಿನ ಕೋಣೆಯತ್ತ ನೋಡಿ ದನಿ ತಗ್ಗಿಸಿದಳು. "ಸುದ್ದಿ ಹೊರಗ ಬಿದ್ರ ನಿನ್ನ ಅಂಗಡಿಗೆ ಯಾರು ಬರ್ತಾರ? ಮತ್ತ ನಿನ್ನ ತಲಿ ತೋರ್ಸು ಅಂತ ನಿನಗ ಹೆಂಗ ಹೇಳ್ಲಿ. ಹುಡುಗೀನರ ನನ್ನ ಹತ್ರ ಮಲಗಿಸ್ಕೊಂಡ್ರಾತು ಅಂದ್ಕೊಂಡೆ."

ಹೆತ್ತವಳನ್ನು ಸಾಗಹಾಕಲು ಬೈಕಿಗೆ ಪೆಟ್ರೋಲು ತುಂಬಿಸಿಕೊಂಡು ಬಂದವನು ನಾನು.

ಸುಕನ್ಯಾ ಕರೆಂಟಿಲ್ಲವೆಂದು ಹೇಳಿ ಗಿರಾಕಿಗಳನ್ನು ಕಳಿಸಿದಳು. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಆಮೇಲೆ ತುರುಬು ಬಿಚ್ಚಿಕೊಂಡು ಅವ್ವನ ಮುಂದೆ ಕೂತು, ಬಾಗಿಲು ಹಾಕಲು ನನಗೆ ಹೇಳಿದಳು. ಹಾಕಿ ಹೊರಗೆ ನಿಂತೆ. ಒಳಗಿನಿಂದ ಅವಳ ದನಿ ಕೇಳಿಸಿತು.

"ಬಾಳ ಅದಾವೇನ್ರಿ, ಅತ್ತಿ?"

"ಹರಪನಹಳ್ಳಿಗೆ ಹೋಗಾಕ ನನಗ ಪುರುಸೊತ್ತು ಸಿಗಲಾರದಷ್ಟು ಅದಾವ."